ಏಳು ಲೋಟ ಗೋಧಿ

ದೊಡ್ಡ ಚರ್ಚಿನ ಎದುರಿನ ಚೌಕದಲ್ಲಿ ಬಸ್ಸಿನವರೆಲ್ಲ ಕತ್ತೆತ್ತಿ ಬಣ್ಣದ ಹೆಂಚಿನ ಸೂರನ್ನು ನೋಡುತ್ತಿದ್ದಾಗ ರುಮ್ಯಾನಾ ಒಬ್ಬಳೇ ತಲೆ ತಗ್ಗಿಸಿ ತನ್ನ ಕೈಚೀಲವನ್ನು ಮೂಸುತ್ತಿದ್ದಳು. ಹುಳಿ ವಾಸನೆ ಇನ್ನೂ ಹತ್ತಿರಲಿಲ್ಲ. ಹತ್ತಿತ್ತೋ ಏನೋ, ಹದಿನಾರು ಗಂಟೆ ಬಸ್ಸಿನಲ್ಲಿ ಕೂತು ಬಂದ ಮೂಗಿಗೆ ಬೆಂದ ಗೋಧಿಯ ವಾಸನೆ ಯಾವುದು, ಹಿಂದಿನ ಸೀಟಿನವರ ಕಾಲುಚೀಲದ್ದು ಯಾವುದು ಎಂದು ಬೇರೆ ಮಾಡುವ ಶಕ್ತಿ ಉಳಿದಿರಲಿಲ್ಲ. ಚೀಲದಲ್ಲಿ ಏಳು ಕಾಗದದ ಲೋಟಗಳಿದ್ದವು. ಒಂದೊಂದರಲ್ಲೂ ಬೇಯಿಸಿದ ಗೋಧಿ, ಮೇಲೆ ಸಕ್ಕರೆ ಪುಡಿ, ಅಕ್ರೋಟಿನ ಚೂರು, ಸಿಕ್ಕಿಸಿದ ಒಂದು ಪ್ಲಾಸ್ಟಿಕ್ ಚಮಚ. ಅವಳ ಅತ್ತೆ ಕೂನಾ ಸತ್ತು ಒಂದು ವರ್ಷವಾಗಿತ್ತು, ಇವತ್ತು ಅವಳ ವರ್ಷದ ಪ್ರಾರ್ಥನೆಯ ಶನಿವಾರ. ಈ ಗೋಧಿಯನ್ನು ಇವತ್ತೇ ಯಾರಾದರೂ ತಿನ್ನಬೇಕು, ತಿಂದು 'ದೇವರು ಕ್ಷಮಿಸಲಿ' ಅನ್ನಬೇಕು. ಥ್ಯಾಂಕ್ಸ್ ಅನ್ನುವ ಹಾಗಿಲ್ಲ. ಅಂದರೆ ಅದು ಸತ್ತವರಿಗೆ ಮುಟ್ಟುವುದಿಲ್ಲ, ಕೊಟ್ಟವರ ಹತ್ತಿರವೇ ಉಳಿದುಬಿಡುತ್ತದೆ. ತನ್ನೂರು ಲೋವೆಚ್‌ನಲ್ಲಾಗಿದ್ದರೆ ಐದು ನಿಮಿಷದ ಕೆಲಸ. ಮನೆ ಬಾಗಿಲಿಗೆ ಬಂದು ನಿಂತರೆ ಸಾಕು, ಬೀದಿಯಲ್ಲಿ ಹೋಗುವವರು ತಾವಾಗಿಯೇ ಕೈ ಚಾಚಿ, ಯಾರದಮ್ಮಾ ಎಂದು ಕೇಳಿ, ತಿಂದು, ಹೇಳಬೇಕಾದ್ದನ್ನು ಹೇಳಿ ಹೋಗುತ್ತಾರೆ. ಆದರೆ ರುಮ್ಯಾನಾ ವಿಯೆನ್ನಾಕ್ಕೆ ಬಂದಿದ್ದಳು, ಮೂರು ದಿನದ ಅಗ್ಗದ ಪ್ರವಾಸದಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ ಗಡಿ ದಾಟಿ, ಸತ್ತವಳ ಊಟವನ್ನು ಚೀಲದಲ್ಲಿ ಹೊತ್ತುಕೊಂಡು.

ತಾನು ಎಂಥವಳು ಎಂಬುದನ್ನು ಅವಳು ಬಸ್ಸಿನ ಕಿಟಕಿಯ ಗಾಜಿನಲ್ಲಿ ದಾರಿಯುದ್ದಕ್ಕೂ ನೋಡಿಕೊಂಡು ಬಂದಿದ್ದಳು. ಒಂಬತ್ತು ವರ್ಷ ಅತ್ತೆಯ ಹಾಸಿಗೆ ಬದಲಿಸಿದವಳು. ಒಂಬತ್ತು ಅಕ್ಟೋಬರು ಈ ಪ್ರವಾಸದ ಚೀಟಿಯನ್ನು ತನ್ನ ಕೈಯಾರೆ ಗ್ರಂಥಾಲಯದ ಬಾಗಿಲಿಗೆ ಅಂಟಿಸಿದವಳು, ಯಾಕೆಂದರೆ ಅಲ್ಲಿಯ ಗುಮಾಸ್ತೆ ಅವಳೇ. 'ಹೋಗು, ಹೋಗು, ನಾನೇನು ಸಾಯಲ್ಲ' ಎನ್ನುತ್ತಿದ್ದಳು ಕೂನಾ, ಮತ್ತೆ ಸ್ವಲ್ಪ ಹೊತ್ತು ಬಿಟ್ಟು ಗೋಡೆಗೆ ಹೇಳುವಂತೆ, 'ಮೂರು ದಿನ ನನ್ನ ಯಾರು ಮಗ್ಗಲು ತಿರುಗಿಸ್ತಾರೋ.' ಹೋದ ವರ್ಷ ರುಮ್ಯಾನಾ ಹಟ ಹಿಡಿದು ಮುಂಗಡ ಕಟ್ಟಿದಳು. ಬಸ್ಸು ಶುಕ್ರವಾರ ಸಂಜೆಗೆ. ಶುಕ್ರವಾರ ಬೆಳಿಗ್ಗೆ ಚಹಾ ತೆಗೆದುಕೊಂಡು ಒಳಗೆ ಹೋದರೆ ಕೂನಾ ಕಿಟಕಿಯ ಕಡೆ ಮುಖ ಮಾಡಿ, ಬಾಯಿ ಕೊಂಚ ತೆರೆದು, ಏನೋ ಹೇಳಲು ಹೊರಟು ಬೇಡವೆಂದು ಬಿಟ್ಟವಳ ಹಾಗೆ ತಣ್ಣಗಾಗಿದ್ದಳು. ಆಗ ರುಮ್ಯಾನಾಳ ತಲೆಯಲ್ಲಿ ಬಂದ ಮೊದಲ ಮಾತು 'ಅಯ್ಯೋ ಅತ್ತೆ' ಅಲ್ಲ. 'ಅಯ್ಯೋ, ನನ್ನ ಮುಂಗಡ.' ಅದಾದ ಮೇಲೆಯೇ ಚಹಾ ಚೆಲ್ಲಿದ್ದು. ನೆಲದ ಮೇಲಿನ ಆ ಚಹಾವನ್ನು ತೋರಿಸಿ ನಾದಿನಿ ಜಿವ್ಕಾ ಬಂದವರಿಗೆಲ್ಲ ಹೇಳಿದಳು, ನೋಡಿ, ನಮ್ಮ ಅತ್ತಿಗೆಗೆ ಎಂಥ ಆಘಾತ ಆಯಿತು ಅಂತ. ಅಪ್ಪಿಕೊಂಡು ಅತ್ತಳು. ರುಮ್ಯಾನಾಳೂ ಅತ್ತಳು, ಜೋರಾಗಿಯೇ ಅತ್ತಳು, ಒಳಗಿನ ಆ ಮಾತು ಯಾರಿಗೂ ಕೇಳಿಸಬಾರದೆಂದು.

ಪ್ರವಾಸದ ಕಚೇರಿಯವರು ಹಣ ವಾಪಸ್ಸು ಕೊಡಲಿಲ್ಲ. ಮರಣ ಪತ್ರದ ನಕಲು ತಂದರೆ ಮುಂದಿನ ವರ್ಷದ ಇದೇ ಪ್ರವಾಸಕ್ಕೆ ಬದಲಿಸುತ್ತೇವೆ ಎಂದರು. ಹಾಗಾಗಿ ಕೂನಾಳ ಸಾವಿನ ಒಂದು ಪ್ರತಿ ಇವತ್ತಿಗೂ ಅವರ ಕಡತದಲ್ಲಿದೆ, ವಿಯೆನ್ನಾ ಎಂದು ಬರೆದ ರಟ್ಟಿನೊಳಗೆ. ಮುಂದಿನ ವರ್ಷದ ಇದೇ ಪ್ರವಾಸವೆಂದರೆ ಅದೇ ವಾರ ಎಂಬುದು ಅವಳಿಗೆ ಹೊಳೆದದ್ದು ಪಾದ್ರಿ ವರ್ಷದ ಪ್ರಾರ್ಥನೆಗೆ ಶನಿವಾರ ಹೇಳಿದ ಮೇಲೆ. ಗಂಡ ಪ್ಲಾಮೆನ್ ಅಡುಗೆಮನೆಯ ನಲ್ಲಿ ಬಿಚ್ಚುತ್ತ ಬಗ್ಗಿದ್ದ. ಬಗ್ಗಿದಲ್ಲಿಂದಲೇ, 'ಹೋಗು. ದುಡ್ಡು ಕಟ್ಟಿದೀಯಲ್ಲ' ಎಂದ. 'ಜಿವ್ಕಾಗೆ ಏನು ಹೇಳ್ಲಿ?' 'ಸೋಫಿಯಾದಲ್ಲಿ ಗ್ರಂಥಾಲಯದವರ ತರಬೇತಿ ಇದೆ ಅನ್ನು.' ಒಂಬತ್ತು ವರ್ಷಕ್ಕೆ ಅವನು ಕೊಟ್ಟ ಬಹುಮಾನ ಅದು, ಒಂದು ಸುಳ್ಳು, ಅದನ್ನೂ ಹೇಳಬೇಕಾದವಳು ಅವಳೇ.

'ಹುಡುಗಿ, ಅಲ್ಲೇನು ಚೀಲದೊಳಗೆ ತಲೆ ತೂರಿಸಿಕೊಂಡಿದೀಯ? ಮೇಲೆ ನೋಡು. ಇದಕ್ಕೆ ಟಿಕೆಟ್ ಇಲ್ಲ' ಎಂದಳು ಲಾಲ್ಕಾ.

ಲಾಲ್ಕಾ ಪಕ್ಕದ ಸೀಟಿನವಳು, ಎಪ್ಪತ್ತು ದಾಟಿದವಳು, ಶಾಲೆಯಲ್ಲಿ ರುಮ್ಯಾನಾಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳು. ಇದು ಅವಳ ಆರನೆಯ ವಿಯೆನ್ನಾ. ಯಾವ ಅಂಗಡಿಯ ಎರಡನೆಯ ಮಹಡಿಯಲ್ಲಿ ಬಿಟ್ಟಿ ಶೌಚಾಲಯವಿದೆ, ಯಾವ ಕಾರಂಜಿಯ ನೀರು ಕುಡಿಯಬಹುದು, ಯಾವ ಚರ್ಚಿನಲ್ಲಿ ಎಷ್ಟು ದೂರದವರೆಗೆ ಟಿಕೆಟ್ಟಿಲ್ಲದೆ ಹೋಗಬಹುದು, ಎಲ್ಲ ಅವಳಿಗೆ ಬಾಯಿಪಾಠ. ಬೆಳಗ್ಗೆ ಹೆಸರಾಂತ ಕಾಫಿಯಂಗಡಿಯ ಗಾಜಿಗೆ ಇಬ್ಬರೂ ಮೂಗು ಹಚ್ಚಿ ನಿಂತಿದ್ದರು. ಒಳಗೆ ಒಬ್ಬ ಹೆಂಗಸು ಚಾಕೊಲೇಟ್ ಕೇಕನ್ನು ಅರ್ಧ ತಿಂದು ತಟ್ಟೆ ದೂಡಿದಳು. ರುಮ್ಯಾನಾಗೆ ಆ ಅರ್ಧದ ಮೇಲೆ ಬಂದ ಆಸೆ ಎಷ್ಟು ನಿಚ್ಚಳವಾಗಿತ್ತೆಂದರೆ ಅವಳು ಗಾಜಿನಿಂದ ಹಿಂದೆ ಸರಿದಳು. 'ಒಳಗೆ ಹೋಗೋದು ಯಾಕೆ?' ಎಂದಳು ಲಾಲ್ಕಾ. 'ಹಿಟ್ಟು, ಕೋಕೋ, ಕೊಬ್ಬು, ಸಕ್ಕರೆ. ನಾನು ಹೇಳಿದ್ನಲ್ಲ, ಈಗ ನೀನು ತಿಂದ ಹಾಗೇ.' ಮತ್ತೆ ಬೆಂಚಿನ ಮೇಲೆ ಕೂತು ಮೊಟ್ಟೆ ಸುಲಿದು, ಮೆಣಸಿನಕಾಯಿ ಗೊಜ್ಜಿನ ಸೀಸೆ ತೆರೆದಳು. ಪಾರಿವಾಳಗಳು ಸುತ್ತ ನೆರೆದವು. ಹಾದುಹೋಗುತ್ತಿದ್ದ ಜಪಾನೀ ಹುಡುಗಿಯೊಬ್ಬಳು ಅವರ ಫೋಟೋ ತೆಗೆದುಕೊಂಡಳು, ಕೇಳದೆಯೇ.

ಅಲ್ಲಿಂದ ಚರ್ಚಿನ ಕಡೆಗೆ ಬರುವಾಗ ಪಕ್ಕದ ಬಾಗಿಲ ಬಳಿ ರಟ್ಟಿನ ಮೇಲೆ ಕೂತ ಒಬ್ಬ ಹೆಂಗಸನ್ನು ದಾಟಬೇಕಾಯಿತು. ಕಂದು ಸ್ವೆಟರು, ಮಡಿಚಿದ ಕಾಲು, ಎದುರಿಗೊಂದು ಕಾಗದದ ಲೋಟ. ಹೆಂಗಸು ತನ್ನಷ್ಟಕ್ಕೆ ಮಂಡಿಯನ್ನು ಬೈದುಕೊಳ್ಳುತ್ತಿದ್ದಳು, 'ನಿನ್ನ ಮನೆ ಹಾಳಾಗ, ಇವತ್ತೂ ಹಿಡ್ಕೊಂಡ್ಯಾ', ಅಪ್ಪಟ ಇವರದೇ ಭಾಷೆಯಲ್ಲಿ, ಇವರ ನಾಡಿನ ದಾನ್ಯೂಬ್ ದಂಡೆಯ ರಾಗದಲ್ಲಿ. ಲಾಲ್ಕಾ ರುಮ್ಯಾನಾಳ ಮೊಣಕೈ ಹಿಂಡಿ ಕಿವಿಯಲ್ಲಿ, 'ಬಾಯಿ ಮುಚ್ಚು. ನಮ್ಮವಳು' ಎಂದಳು. ರುಮ್ಯಾನಾ ಬಾಯಿ ಮುಚ್ಚಿದಳು. ಪರ್ಸನ್ನು ಎದೆಗೆ ಒತ್ತಿಕೊಂಡಳು. ಸಾಲದೆಂಬಂತೆ ಮುಖದಲ್ಲಿ ಒಂದು ಬಗೆಯ ವಿದೇಶೀ ಭಾವ ತಂದುಕೊಂಡಳು, ತಾನು ಬೆಲ್ಜಿಯಂನವಳೋ ಏನೋ ಅನ್ನುವ ಹಾಗೆ. ನಾಲ್ಕು ಹೆಜ್ಜೆ ಹೋದ ಮೇಲೆ ಆ ಬೆಲ್ಜಿಯಂ ಮುಖವನ್ನು ಎಲ್ಲಿಡಬೇಕೋ ತಿಳಿಯದೆ ಕರವಸ್ತ್ರದಲ್ಲಿ ಒರೆಸಿಕೊಂಡಳು.

ಒಂದು ಗಂಟೆಗೆ ಲಾಲ್ಕಾ ಮುದುಕರಿಗೆ ರಿಯಾಯಿತಿ ಇರುವ ಯಾವುದೋ ಅರಮನೆಗೆ ಹೊರಟಳು. ರುಮ್ಯಾನಾ ಕಾಲು ನೋಯುತ್ತಿದೆ ಎಂದು ಉಳಿದಳು. 'ನಾಲ್ಕಕ್ಕೆ ಇಲ್ಲೇ ಬರ್ತೀನಿ. ಐದಕ್ಕೆ ಬಸ್ಸು. ಯಾರ ಹತ್ರಾನೂ ಏನೂ ಕೊಂಡ್ಕೋಬೇಡ' ಎಂದು ಲಾಲ್ಕಾ ಎರಡು ಸಲ ತಿರುಗಿ ಹೇಳಿದಳು, ಪರೀಕ್ಷೆಯ ಕೋಣೆಯಲ್ಲಿ ಹೇಳುತ್ತಿದ್ದ ಹಾಗೆ. ಅವಳು ಮರೆಯಾದ ಮೇಲೆ ರುಮ್ಯಾನಾ ಮೊದಲ ಲೋಟವನ್ನು ತೆಗೆದಳು. ಸಕ್ಕರೆ ಕರಗಿ ಗೋಧಿ ಒದ್ದೆಯಾಗಿ ಮಿನುಗುತ್ತಿತ್ತು. ಗ್ರಂಥಾಲಯದ ನಿಘಂಟಿನಿಂದ ಪದ ಪದ ಜೋಡಿಸಿ ಒಂದು ಜರ್ಮನ್ ವಾಕ್ಯವನ್ನು ಅವಳು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು: ದಯವಿಟ್ಟು ಇದನ್ನು ತಿನ್ನಿ, ಸತ್ತವರಿಗಾಗಿ. ಬಸ್ಸಿನಲ್ಲಿ ಅದು ಬಹಳ ಸಭ್ಯವಾಗಿ ಕೇಳಿಸಿತ್ತು. ಇಲ್ಲಿ, ಬೆನ್ನುಚೀಲ ಹಾಕಿಕೊಂಡ ಒಂದು ಜೋಡಿಯ ಮುಂದೆ ನಿಂತು ಲೋಟ ಚಾಚಿ ಹೇಳಿದಾಗ ಹುಡುಗ ಹುಡುಗಿಯ ಕೈ ಹಿಡಿದು ಎಳೆದುಕೊಂಡೇ ಹೋದ. ಹುಡುಗಿ ತಿರುಗಿ ತಿರುಗಿ ನೋಡುತ್ತಿದ್ದಳು. ರುಮ್ಯಾನಾ ವಾಕ್ಯವನ್ನು ಮನಸ್ಸಿನಲ್ಲಿ ಮತ್ತೆ ಓದಿಕೊಂಡಳು. ಕಪ್ಪು ಕೋಟಿನ ಒಬ್ಬ ಅಪರಿಚಿತ ಹೆಂಗಸು ತನಗೇ ಬಂದು ಹಾಗೆ ಹೇಳಿದ್ದರೆ ತಾನು ಪೊಲೀಸರನ್ನು ಕರೆಯುತ್ತಿದ್ದೆ ಎಂದು ಅವಳಿಗೆ ಖಾತ್ರಿಯಾಯಿತು. ಎರಡನೆಯವನು ನಾಯಿ ಹಿಡಿದ ಮುದುಕ. ಸತ್ತವರನ್ನು ಬಿಟ್ಟು ಬರೀ 'ದಯವಿಟ್ಟು' ಎಂದಳು. ಮುದುಕ ಬೆರಳು ಉಜ್ಜಿ ತೋರಿಸಿದ, ಎಷ್ಟು? ಅವಳು ಕೈಯಾಡಿಸಿದಳು, ಏನೂ ಇಲ್ಲ, ಬಿಟ್ಟಿ. ಅದನ್ನು ಕಂಡು ಮುದುಕ ನಿಜಕ್ಕೂ ಹೆದರಿದ. ಲೋಟದ ಕಡೆ ಮೂತಿ ಚಾಚಿದ್ದ ನಾಯಿಯನ್ನು ಬೆಲ್ಟು ಜಗ್ಗಿ ಎಳೆದ. ನಾಯಿಯಾದರೂ ತಿನ್ನುತ್ತಿತ್ತು ಎಂದು ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿದಳು. ಕೂನಾಳಿಗೆ ನಾಯಿಗಳನ್ನು ಕಂಡರಾಗುತ್ತಿರಲಿಲ್ಲ.

ಫೋನು ಬಡಿದುಕೊಂಡಿತು. ಜಿವ್ಕಾ.

'ಅತ್ತಿಗೆ, ಈಗಷ್ಟೇ ಅಮ್ಮನ ಗೋರಿ ಹತ್ರದಿಂದ ಬಂದ್ವಿ. ವೈನ್ ಸುರಿದ್ವಿ. ಜನ ಪರವಾಗಿಲ್ಲ ಬಂದಿದ್ರು. ನೀನೊಬ್ಬಳು ಇಲ್ಲ ಅಂತ ಎಲ್ಲರೂ ಅಂದ್ರು.'

'ಏನ್ ಮಾಡ್ಲಿ ಜಿವ್ಕಾ, ತರಬೇತಿ.'

ಅದೇ ಹೊತ್ತಿಗೆ ತಲೆಯ ಮೇಲೆ ಚರ್ಚಿನ ಗಂಟೆ ಬಾರಿಸತೊಡಗಿತು, ಹಿಂದೆಯೇ ಪ್ರವಾಸಿಗಳ ಜೋಡು ಕುದುರೆ ಗಾಡಿಯೊಂದು ಕಲ್ಲಿನ ಮೇಲೆ ಟಪಟಪ ಸದ್ದು ಮಾಡುತ್ತ ಬಂತು.

'ಅದೇನದು, ಕುದುರೆ?'

'ಏನೋ ಸಿನಿಮಾ ತೆಗೀತಿದಾರೆ.'

'ಗ್ರಂಥಾಲಯದಲ್ಲಾ?'

'ಹೊರಗೆ. ಊಟಕ್ಕೆ ಬಿಟ್ಟಿದಾರೆ.'

ಅಷ್ಟರಲ್ಲಿ ಕುದುರೆ ಒಮ್ಮೆ ಚೆನ್ನಾಗಿ ಕೆನೆಯಿತು. 'ಹೋಗ್ಲಿ ಬಿಡು' ಎಂದಳು ಜಿವ್ಕಾ. 'ಅಮ್ಮನ ಗೋಧಿ ಕೊಟ್ಟೆ ತಾನೇ? ಅಲ್ಲಿ ಯಾರಿಗಾದ್ರೂ?'

'ಕೊಟ್ಟೆ.'

'ತಿಂದ್ರಾ?'

'ತಿಂದ್ರು' ಎಂದಳು ರುಮ್ಯಾನಾ.

ಫೋನಿಟ್ಟ ಮೇಲೆ ಅವಳಿಗೆ ತಿಳಿಯಿತು, ತರಬೇತಿಯ ಸುಳ್ಳು ಜಿವ್ಕಾಗೆ ಹೇಳಿದ್ದು, ಕುದುರೆಯದೂ ಜಿವ್ಕಾಗೆ, ಆದರೆ ಈ ಕೊನೆಯದು ಬೇರೆಯವರಿಗೆ ಮುಟ್ಟಿದೆ. ಕಿಟಕಿಯ ಕಡೆ ಮುಖ ಮಾಡಿ, ಬಾಯಿ ಕೊಂಚ ತೆರೆದು ಮಲಗಿದ್ದವಳಿಗೆ. ಹಸಿದವಳಿಗೆ ಊಟ ಆಯಿತೆಂದು ಹೇಳಿದ ಹಾಗೆ. ಕೂನಾ ಕೆಟ್ಟವಳಲ್ಲ. ಒಳ್ಳೆಯವಳೂ ಅಲ್ಲ. ಸೂಪಿಗೆ ಉಪ್ಪು ಸಾಲದು ಎಂದು ಒಂಬತ್ತು ವರ್ಷ ಹೇಳಿದವಳು, ಒಮ್ಮೆ ಮಾತ್ರ, ಜ್ವರದಲ್ಲಿ, ರುಮ್ಯಾನಾಳ ಮಣಿಕಟ್ಟನ್ನು ಹಿಡಿದು ನಿನ್ನ ಕೈ ಬೆಚ್ಚಗಿದೆ ಅಂದವಳು. ಆ ಕೈಯಲ್ಲೇ ಲೋಟ ಹಿಡಿದು ಅವಳೀಗ ಚರ್ಚಿನ ಪಕ್ಕದ ಬಾಗಿಲ ಬಳಿ, ಜನ ಇಕ್ಕಟ್ಟಾಗಿ ಹೊರಬರುವ ಕಡೆ ಹೋಗಿ ನಿಂತಳು. ಜರ್ಮನ್ ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿದಳು. ದೇವರ ಮನೆಯಿಂದ ಬರುವವರು, ಅರ್ಥವಾದೀತು. ತನ್ನ ಭಾಷೆಯಲ್ಲೇ, ಲೋವೆಚ್‌ನ ಬಾಗಿಲಲ್ಲಿ ನಿಂತ ಹಾಗೆ, 'ತಗೊಳ್ಳಿ, ಕೂನಾಗೋಸ್ಕರ, ತಗೊಳ್ಳಿ' ಎನ್ನುತ್ತ ಲೋಟ ಚಾಚಿದಳು. ಒಬ್ಬರು ತಲೆ ತಗ್ಗಿಸಿ ಹೋದರು. ಇನ್ನೊಬ್ಬರು ಸುತ್ತು ಹಾಕಿ ಹೋದರು. ಆಮೇಲೆ ಹಸಿರು ಕೋಟಿನ, ಬೆಳ್ಳಿಗೂದಲಿನ ಒಬ್ಬ ಹೆಂಗಸು ನಿಂತಳು. ರುಮ್ಯಾನಾಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಎಷ್ಟು ಮೃದುವಾಗಿ ಎಂದರೆ ರುಮ್ಯಾನಾ ಲೋಟವನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. ಹೆಂಗಸು ಕೈಗವಸು ತೆಗೆದಳು. ಪರ್ಸು ತೆರೆದಳು. ಮತ್ತು ಒಂದು ನಾಣ್ಯವನ್ನು ಲೋಟದೊಳಕ್ಕೆ ಹಾಕಿ, ರುಮ್ಯಾನಾಳ ತೋಳನ್ನು ತಟ್ಟಿ ಹೊರಟುಹೋದಳು. ನಾಣ್ಯ ಸದ್ದು ಮಾಡಲಿಲ್ಲ. ಗೋಧಿಯ ಮೇಲೆ ಒಂದು ಕ್ಷಣ ಅಡ್ಡ ಮಲಗಿ, ನಿಧಾನವಾಗಿ ಮುಳುಗಿತು.

'ಅಕ್ಕಾ' ಎಂದಿತು ಕೆಳಗಿನಿಂದ ಒಂದು ದನಿ. 'ಇದು ನನ್ನ ಜಾಗ.'

ಕಂದು ಸ್ವೆಟರಿನವಳು ಗೋಡೆಗೊರಗಿ ಕೂತಿದ್ದಳು, ಎರಡೇ ಹೆಜ್ಜೆಯಲ್ಲಿ. ಬೆಳಿಗ್ಗೆ ದಾಟಿದ ಬಾಗಿಲು ಇದೇ ಎಂಬುದು ರುಮ್ಯಾನಾಗೆ ಗಮನವೇ ಇರಲಿಲ್ಲ.

'ಬೆಳಿಗ್ಗೆ ಆರಕ್ಕೆ ಬಂದು ಕೂರ್ತೀನಿ. ನಾಲ್ಕು ವರ್ಷದಿಂದ. ಕೇಳು ಬೇಕಾದ್ರೆ, ಆ ಕುದುರೆಯವರನ್ನ ಕೇಳು. ನಿಂತ್ಕೊಂಡು ಬೇಡಿದ್ರೆ ಪೊಲೀಸರು ಬೇರೆ ಹಿಡೀತಾರೆ. ಅದೂ ಒಳ್ಳೆ ಕೋಟು ಹಾಕ್ಕೊಂಡು!'

'ಅಯ್ಯೋ, ನಾನು ಬೇಡ್ತಿಲ್ಲ ತಂಗಿ, ಕೊಡ್ತಿದೀನಿ' ಎಂದಳು ರುಮ್ಯಾನಾ. ಮುಖಕ್ಕೆ ರಕ್ತ ನುಗ್ಗಿತ್ತು. ಹೇಳಿದ ಮೇಲೆ ಅದು ಎಂಥ ಜಂಬದ ಮಾತೆಂದು ಕಂಡಿತು. ಲೋಟವನ್ನು ಬಗ್ಗಿಸಿ ತೋರಿಸಿದಳು.

ಹೆಂಗಸು ಇಣುಕಿದಳು. ಅವಳ ಮುಖದಿಂದ ಜಗಳ ಇಳಿದುಹೋಯಿತು. 'ಗೋಧಿ' ಎಂದಳು. 'ದೇವರೇ. ಗೋಧಿ. ಯಾರದು?'

'ಅತ್ತೆಯದು. ವರ್ಷದ್ದು.'

'ಮತ್ತೆ ಆಸ್ಟ್ರಿಯಾದವರಿಗೆ ಕೊಡಕ್ಕೆ ಹೋಗಿದೀಯಲ್ಲ, ತಲೆ ಕೆಟ್ಟಿದೆಯಾ? ಇವರಿಗೆ ಏನು ಗೊತ್ತು. ಕೊಡಿಲ್ಲಿ. ಕೂತ್ಕೋ. ನಿಂತ್ಕೊಂಡಿದ್ರೆ ಜನ ನೋಡ್ತಾರೆ.' ರಟ್ಟಿನ ಮೇಲೆ ಸರಿದು ಅರ್ಧ ಜಾಗ ಬಿಟ್ಟಳು. ರುಮ್ಯಾನಾ ಕೂತಳು. ಯೂರೋಪಿನ ಆ ದೊಡ್ಡ ರಾಜಧಾನಿಯಲ್ಲಿ ಅವತ್ತು ಅವಳಿಗೆ ಕೂರಲು ಸಿಕ್ಕ ಮೊದಲ ಮೆತ್ತನೆಯ ಆಸನ ಅದು. ಹೆಂಗಸು ಚಮಚದಿಂದ ನಾಣ್ಯವನ್ನು ಹುಡುಕಿ ತೆಗೆದು, ಸ್ವೆಟರಿಗೆ ಒರೆಸಿ, ತನ್ನ ಲೋಟಕ್ಕೆ ಹಾಕಿಕೊಂಡಳು. 'ಜಾಗದ ಬಾಡಿಗೆ' ಎಂದಳು, ನಗದೆ. 'ನಾನು ದೋಚ್ಕಾ. ಲೋಮ್‌ನವಳು. ಅತ್ತೆ ಹೆಸರು?'

'ಕೂನಾ.'

'ಒಳ್ಳೆಯವಳಾ?'

ಇದಕ್ಕೆ ಒಂದೇ ಉತ್ತರವಿದೆ, ಲೋವೆಚ್‌ನಲ್ಲಿ, ಲೋಮ್‌ನಲ್ಲಿ, ಎಲ್ಲ ಕಡೆ. ಆ ಒಂದು ಪದವನ್ನು ಹೇಳಿದರೆ ಮುಗಿಯಿತು, ದೋಚ್ಕಾ ತಿನ್ನುತ್ತಾಳೆ, ಹೇಳಬೇಕಾದ್ದನ್ನು ಹೇಳುತ್ತಾಳೆ, ಸುಳ್ಳು ನಿಜವಾಗುತ್ತದೆ, ಐದು ಗಂಟೆಗೆ ಬಸ್ಸು. ರುಮ್ಯಾನಾ ಬಾಯಿ ತೆರೆದಳು. ಬಂದದ್ದು ಬೇರೆ. 'ಅವಳು ಸತ್ತಿದ್ದನ್ನ ಮೊದಲು ನೋಡಿದ್ದು ನಾನೇ. ನೋಡಿ ಮೊದಲು ಏನನ್ಕೊಂಡೆ ಗೊತ್ತಾ? ಅಯ್ಯೋ, ನನ್ನ ಮುಂಗಡ ಹೋಯ್ತಲ್ಲ ಅಂತ. ಈ ಪ್ರವಾಸಕ್ಕೆ ಕಟ್ಟಿದ್ದು. ಇದಕ್ಕೆ. ಇಲ್ಲಿಗೆ ಬರಕ್ಕೆ.' ಅವಳು ಕೈಯನ್ನು ಬೀಸಿ ಚರ್ಚು, ಕುದುರೆಗಳು, ಐಸ್‌ಕ್ರೀಮು ನೆಕ್ಕುತ್ತ ಹೋಗುವ ಜನ, ಎಲ್ಲವನ್ನೂ ತೋರಿಸಿದಳು. ಒಂದು ವರ್ಷದಿಂದ ಒಳಗೇ ಇದ್ದ ಮಾತು ಹೊರಗೆ ಬಂದಾಗ ಇಷ್ಟು ಸಣ್ಣದಾಗಿ ಕಾಣುತ್ತದೆಂದು ಅವಳು ಎಣಿಸಿರಲಿಲ್ಲ. ಅದಕ್ಕೂ ಒಂದು ಥರದ ಅವಮಾನವಾಯಿತು. ತನ್ನ ಪಾಪವಾದರೂ ದೊಡ್ಡದು ಎಂದುಕೊಂಡಿದ್ದಳು.

ದೋಚ್ಕಾ ಅವಳನ್ನೇ ನೋಡಿದಳು. 'ಎಷ್ಟು ಮುಂಗಡ?'

'ನೂರಿಪ್ಪತ್ತು ಲೆವಾ.'

'ನೂರಿಪ್ಪತ್ತು!' ದೋಚ್ಕಾ ತೊಡೆ ತಟ್ಟಿದಳು. ನಗು ಬಂತು, ಕೆಮ್ಮಿನ ಜೊತೆ, ಹಲ್ಲಿಲ್ಲದ ಕಡೆಯಿಂದ ಗಾಳಿ ಹಾಯುತ್ತ. 'ನಾನಾಗಿದ್ರೆ ಅವಳನ್ನ ಅಲ್ಲಾಡಿಸಿ ಎಬ್ಬಿಸ್ತಿದ್ದೆ. ಏಳೇ ಮುದುಕಿ, ಸೋಮವಾರ ಸಾಯಿ ಅಂತ.' ರುಮ್ಯಾನಾಗೂ ನಗು ಬಂತು, ಬರಬಾರದಿತ್ತು, ತಡೆಯಲು ಹೋಗಿ ಮೂಗಿನಿಂದ ಬಂತು. ಇಬ್ಬರೂ ಸ್ವಲ್ಪ ಹೊತ್ತು ಹಾಗೇ ಅಲುಗಾಡಿದರು. ಆಮೇಲೆ ದೋಚ್ಕಾ ಮುಖ ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಸಾವಿನ ಮನೆಯ ಜಗಲಿಯಲ್ಲಿ ಕೂತವಳ ಹಾಗೆ ಗಂಭೀರವಾಗಿ ಒಂದು ಚಮಚ ತುಂಬ ಗೋಧಿ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ನುಂಗಿದಳು.

'ದೇವರು ಕೂನಾಳನ್ನ ಕ್ಷಮಿಸಲಿ' ಎಂದಳು. 'ನಿಂಬೆ ಸಿಪ್ಪೆ ತುರಿದು ಹಾಕಬೇಕಿತ್ತು. ಹುಳಿ ಬರ್ತಿದೆ.'

ಪೂರ್ತಿ ಲೋಟ ಖಾಲಿ ಮಾಡಿದಳು, ಕೊನೆಯ ಕಾಳಿನ ತನಕ. ರುಮ್ಯಾನಾ ಚೀಲವನ್ನೇ ಅವಳ ಕಡೆ ದೂಡಿದಳು. ದೋಚ್ಕಾ ಎಣಿಸಿ, ಒಂದು ಒಪೆರಾದ ಮೆಟ್ಟಿಲಿನ ಹತ್ತಿರ ಕೂರುವ ಕುಂಟನಿಗೆ, ಎರಡು ರೈಲು ನಿಲ್ದಾಣದ ಗಂಡ ಹೆಂಡತಿಗೆ, ಹೀಗೆ ಬಾಯಲ್ಲೇ ಹಂಚಿದಳು. ಎಲ್ಲ ನಮ್ಮವರೇ, ಎಲ್ಲರಿಗೂ ಹೇಳುವುದು ಗೊತ್ತು, ಕತ್ತಲಾಗುವುದರೊಳಗೆ ತಲುಪಿಸುತ್ತೇನೆ ಎಂದಳು. ಊರಿನ ಓಸಮ್ ನದಿಯ ಸೇತುವೆ ದಾಟಿದರೆ ತಲೆ ಸುತ್ತುತ್ತದೆ ಎನ್ನುತ್ತಿದ್ದ ಕೂನಾ ಇವತ್ತು ಸಂಜೆ ಇಡೀ ವಿಯೆನ್ನಾ ಸುತ್ತುತ್ತಾಳೆ, ನನ್ನಷ್ಟೂ ಖರ್ಚಿಲ್ಲದೆ, ಎಂದು ರುಮ್ಯಾನಾಗೆ ಅನ್ನಿಸಿತು.

ಒಂದು ಲೋಟವನ್ನು ಮಾತ್ರ ದೋಚ್ಕಾ ಕೈಯಲ್ಲೇ ಹಿಡಿದಿದ್ದಳು. ಹಂಚಿದ ಲೆಕ್ಕಕ್ಕೆ ಅದು ಸೇರಿರಲಿಲ್ಲ.

'ನನ್ನ ಅಮ್ಮ ಸತ್ತ ಸುದ್ದಿ ಬಂದಾಗ ಇಲ್ಲೇ ಕೂತಿದ್ದೆ' ಎಂದಳು, ಲೋಟಕ್ಕೆ ಹೇಳುವಂತೆ. 'ಮೂರು ವರ್ಷ ಆಯ್ತು. ತಮ್ಮ ಫೋನ್ ಮಾಡ್ದ. ನಂಗೆ ಮೊದಲು ಏನನ್ನಿಸ್ತು ಹೇಳು? ಎದ್ದು ಹೋದ್ರೆ ಜಾಗ ಹೋಗುತ್ತೆ. ಹೋಗ್ಲಿಲ್ಲ. ಮಣ್ಣಿಗೂ ಹೋಗ್ಲಿಲ್ಲ, ವರ್ಷಕ್ಕೂ ಹೋಗ್ಲಿಲ್ಲ. ಗೋಧಿ ಬೇಯ್ಸಕ್ಕೆ ನಂಗೆಲ್ಲಿ ಒಲೆ.' ಲೋಟವನ್ನು ರುಮ್ಯಾನಾಳ ಕಡೆ ಚಾಚಿದಳು. ಅದೇ ಗೋಧಿ, ಅದೇ ಪ್ಲಾಸ್ಟಿಕ್ ಚಮಚ, ಆದರೆ ಈಗ ಕೊಡುತ್ತಿದ್ದವಳು ಅವಳು. 'ತಗೋ. ನಮ್ಮಮ್ಮ ಪರಾಸ್ಕೇವಾಗೋಸ್ಕರ.'

ಬೇಡ ಎನ್ನಲು ರುಮ್ಯಾನಾಗೆ ಹತ್ತು ಕಾರಣಗಳಿದ್ದವು. ಚೌಕದ ಆಚೆ ಬದಿಯಲ್ಲಿ ಲಾಲ್ಕಾ ಬಂದಿದ್ದಳು, ಅರಮನೆಯ ಬಿಟ್ಟಿ ನಕ್ಷೆಗಳ ಒಂದು ಕಂತೆ ಕಂಕುಳಲ್ಲಿ. ಅವಳು ಇವರನ್ನು ನೋಡಿದಳು, ರಟ್ಟನ್ನು, ಲೋಟವನ್ನು, ತನ್ನ ಹಳೆಯ ವಿದ್ಯಾರ್ಥಿನಿಯನ್ನು ನೋಡಿದಳು, ಮರುಗಳಿಗೆ ಕತ್ತೆತ್ತಿ ಚರ್ಚಿನ ಸೂರನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದಳು. ಬೆಲ್ಜಿಯಂ ಮುಖ, ಎಂದುಕೊಂಡಳು ರುಮ್ಯಾನಾ. ಹೊರಗಿನಿಂದ ನೋಡಿದರೆ ಅದು ಇಷ್ಟು ಚೆನ್ನಾಗಿ ಗೊತ್ತಾಗುತ್ತದೆ. ಅವಳು ಲೋಟ ತೆಗೆದುಕೊಂಡು ಒಂದು ಚಮಚ ಬಾಯಿಗೆ ಹಾಕಿದಳು. ನಿಜವಾಗಿಯೂ ಹುಳಿ ಬಂದಿತ್ತು, ನಿಂಬೆ ಸಿಪ್ಪೆ ನಿಜವಾಗಿಯೂ ಬೇಕಿತ್ತು. ಮೊದಲ ತುತ್ತಿಗೆ ಹಸಿವು ಎದ್ದು ನಿಂತಿತು, ಬೆಳಗಿನ ಆ ಅರ್ಧ ಕೇಕಿನ ಹಸಿವು. ಎರಡನೆಯದನ್ನು, ಮೂರನೆಯದನ್ನು ಅವಳು ತಡೆಯದೆ ತಿಂದಳು.

ಯಾರೋ ಒಬ್ಬ ಎತ್ತರದ ಗಂಡಸು ಅವರ ಮುಂದೆ ನಿಂತ, ಇಬ್ಬರನ್ನೂ ನೋಡಿದ, ಬಗ್ಗಿ ದೋಚ್ಕಾಳ ಲೋಟಕ್ಕೆ ಒಂದು ನಾಣ್ಯ, ಸ್ವಲ್ಪ ಯೋಚಿಸಿ ಇನ್ನೊಂದು ನಾಣ್ಯ ಹಾಕಿದ. ದೋಚ್ಕಾಳ ಕಣ್ಣು ರುಮ್ಯಾನಾಳ ಬಾಯಿಯ ಮೇಲೆಯೇ ಇತ್ತು, ಕಾಯುತ್ತ. ರುಮ್ಯಾನಾ ನುಂಗಿದಳು.

'ದೇವರು ಪರಾಸ್ಕೇವಾಳನ್ನ ಕ್ಷಮಿಸಲಿ' ಎಂದಳು, ಗಟ್ಟಿಯಾಗಿ, ಲಾಲ್ಕಾಗೂ ಕೇಳಿಸುವಷ್ಟು.

ತನಗೇ ಥ್ಯಾಂಕ್ಸ್ ಹೇಳಿದ್ದೆಂದು ತಿಳಿದು ಆ ಗಂಡಸು ಟೋಪಿ ಮುಟ್ಟಿ, ಪರವಾಗಿಲ್ಲ ಎಂಬಂತೆ ಕೈಯಾಡಿಸಿ, ಸಂತೋಷದಿಂದ ಹೊರಟುಹೋದ.